ಹಿಂಬಾಗಿಲಿನ ಕಾಫಿ

ಮೂರನೆಯ ಸಲ ಟಿಕ್ ಎಂದಾಗ ಅಕ್ಕ ಒಲೆ ಆರಿಸಿದಳು.

ಸದ್ದು ಬಂದದ್ದು ಬಾಗಿಲಾಚೆಯ ಕಂಬದ ಬಳಿಯಿಂದ. ಅಲ್ಲೊಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಫೈಲು, ಮುಷ್ಟಿಯಲ್ಲೊಂದು ಪುಟ್ಟ ಎಣಿಕೆ ಯಂತ್ರ. ಗ್ಯಾರೇಜಿನ ಮೇಸ್ತ್ರಿ ಕಾಫಿಗೆಂದು ಅಕ್ಕನ ಅಂಗಡಿಯೊಳಗೆ ಬಂದ, ಟಿಕ್. ಪಾಳಿ ಮುಗಿಸಿದ ನರ್ಸಮ್ಮ ಬಂದಳು, ಟಿಕ್. ನಿವೃತ್ತ ಮೇಷ್ಟ್ರು ಬಂದರು, ಟಿಕ್.

ಹೋದ ವರ್ಷ ಹಿಂದಿನ ಬೀದಿಯಲ್ಲೂ ಹೀಗೇ ಒಬ್ಬ ಹೋಗಿ ಬರುವವರನ್ನೆಲ್ಲ ಎಣಿಸುತ್ತ ಕೂತಿದ್ದ. ಅವನು ಎದ್ದುಹೋದ ಮೂರೇ ತಿಂಗಳಿಗೆ ಹೊಲಿಗೆಯಂಗಡಿ ಖಾಲಿಯಾಯಿತು, ಹಳೇ ಪುಸ್ತಕದಂಗಡಿ ಖಾಲಿಯಾಯಿತು, ನಡುಗೋಡೆ ಒಡೆದು ಗಾಜಿನ ಕಾಫಿ ಶಾಪು ಬಂತು. ಊರೂರಿಗೂ ಅದೇ ಕುರ್ಚಿ, ಅದೇ ಹಾಡು, ಅದೇ ನಗು. ಅಲ್ಲಿ ಹೆಸರು ಕೇಳಿ ಕಾಗದದ ಲೋಟದ ಮೇಲೆ ಬರೆಯುತ್ತಾರೆ. ಅಕ್ಕನಿಗೆ ಅರ್ಧ ಬೀದಿಯ ಹೆಸರು ಗೊತ್ತಿಲ್ಲ. ಯಾರಿಗೆ ಎಷ್ಟು ಸಕ್ಕರೆ ಎಂಬುದು ಗೊತ್ತು.

ಇದಕ್ಕೆ ಅಭಿವೃದ್ಧಿ ಎನ್ನುತ್ತಾರೆ. ಬಡವರ ಬೀದಿ ಎಷ್ಟು ಗಿಜಿಗುಡುತ್ತದೆಂದು ಮೊದಲು ಎಣಿಸುವುದು, ಗಿಜಿಗುಡುತ್ತಿದ್ದರೆ ಬಡವರನ್ನು ಎಬ್ಬಿಸುವುದು.

ಎಣಿಸುವವನು ಒಳಗೆ ಬಂದು ಒಂದು ಕಾಫಿ ಕೇಳಿದ. ಒಲೆ ಆರಿದೆ ಎಂದಳು.

"ವ್ಯಾಪಾರ ಹೇಗಿದೆ ಅಕ್ಕಾ? ಜನ ಬರ್ತಾರಾ?"

"ಎಲ್ಲಿಯ ಜನ. ನೊಣ ಹೊಡ್ಕೊಂಡು ಕೂತಿದೀನಿ."

ಅವನು ಅವಳನ್ನೇ ನೋಡಿದ. "ಸ್ವಲ್ಪ ಯೋಚನೆ ಮಾಡಿ ಹೇಳಿ."

"ಮಾಡೇ ಹೇಳಿದ್ದು."

ಯಾರ ಕಡೆಯವರಪ್ಪಾ ನೀವು ಎಂದು ಮೇಷ್ಟ್ರು ಕೇಳಿದ್ದಕ್ಕೆ, ಹೇಳುವ ಹಾಗಿಲ್ಲ ಎಂದು ಫೈಲನ್ನು ಎದೆಗವಚಿಕೊಂಡು ಹೊರಟ. ಅರ್ಧ ಗಂಟೆಯಲ್ಲಿ ಎದುರಿನ ಬಸ್ ತಂಗುದಾಣಕ್ಕೆ ಬಂದು ಕೂತಾಗ ಅವನ ಕೈಯಲ್ಲಿ ಗಾಜಿನಂಗಡಿಯ ಕಾಗದದ ಲೋಟವಿತ್ತು. ಇನ್ನು ಬೇರೆ ಸಾಕ್ಷಿ ಬೇಕೆ?

ಮಧ್ಯಾಹ್ನ ಅಡುಗೆಮನೆಯಲ್ಲೇ ಸಭೆ ಸೇರಿತು. ಗಾಜಿನವರು ಕೇಳಿದರೆ ಆ ಕ್ಷಣವೇ ಕೊಟ್ಟುಬಿಡುತ್ತೇನೆ ಎಂದು ಕಟ್ಟಡದ ಯಜಮಾನ ಎಂದೋ ಹೇಳಿಯಾಗಿತ್ತು. ಹಳೇ ಅಂಗಡಿಗಳನ್ನು ಎಬ್ಬಿಸಬೇಡಿ, ಇದು ಬೀದಿಯ ಉಸಿರು ಎಂದು ಮೇಷ್ಟ್ರು ಹೋದ ವರ್ಷವೇ ನಗರಸಭೆಗೆ ಮೂರು ಪುಟ ಗೀಚಿ ಅಕ್ಕನ ಸಹಿ ಹಾಕಿಸಿ ಕೊಟ್ಟಿದ್ದರು. ಅದರಲ್ಲಿ ಇಷ್ಟೊತ್ತಿಗೆ ಇಲಿ ಮರಿ ಹಾಕಿರಬೇಕು ಎಂದು ನರ್ಸಮ್ಮ ಅವರ ಕಾಲೆಳೆದಳು. ಮೇಷ್ಟ್ರು ನಗಲಿಲ್ಲ.

"ಜನ ಇಲ್ಲದ ಕಡೆ ಅವರು ಕಾಲಿಡಲ್ಲ. ಒಂದಷ್ಟು ದಿನ ನಾವು ಇಲ್ಲದೇ ಇರೋಣ."

ಮರುದಿನದಿಂದ ಬೀದಿಗೆ ಬೀದಿಯೇ ಮಾಯವಾಯಿತು. ಮುಂದುಗಡೆ ಮೇಜಿನ ಮೇಲೆ ಕುರ್ಚಿ ಬೋರಲು ಹಾಕಿ, ಅಕ್ಕ ಬಾಗಿಲಲ್ಲಿ ಆಕಳಿಸುತ್ತ ಕೂತಳು. ಹಿಂದುಗಡೆ ಓಣಿಯಲ್ಲಿ ಜಾತ್ರೆ. ಮೋರಿ ದಾಟಿ, ಒಣಹಾಕಿದ ಬಟ್ಟೆಗಳಡಿ ತಲೆ ಬಗ್ಗಿಸಿ, ಗಾರ್ಮೆಂಟ್ಸ್ ಹೆಂಗಸರು, ಪ್ರೆಸ್ಸಿನವರು, ಗ್ಯಾರೇಜಿನವರು ಅಡುಗೆಮನೆಗೆ ನುಗ್ಗುತ್ತಿದ್ದರು. ಜಾಗವಿಲ್ಲದೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಲೋಟ ಹಿಡಿದು ಕುಡಿದರು. ಎಂದೂ ಅಕ್ಕನ ಅಂಗಡಿಗೆ ಕಾಲಿಡದವರೂ ಹಟಕ್ಕೆ ಬಿದ್ದು ಬಂದರು. ಹಾಲು ದುಪ್ಪಟ್ಟು ತರಿಸಬೇಕಾಯಿತು.

ಪ್ಲಾನು ತಿಳಿಯದವರು ಒಬ್ಬರೇ, ಕಿವಿ ಕೇಳಿಸದ ಗಡಿಯಾರ ರಿಪೇರಿಯ ತಾತ. ಐದನೆಯ ದಿನ ಅವರು ಎಂದಿನಂತೆ ಮುಂಬಾಗಿಲಿಗೇ ಬಂದರು. ತಂಗುದಾಣದಲ್ಲಿ ಎಣಿಸುವವನು ಎದ್ದೇ ನಿಂತ. ಅಕ್ಕ ಅಡ್ಡ ಬಂದು ಕೈಯಾಡಿಸಿ ಇಲ್ಲವೆಂದಳು.

"ಘಮ ಬರ್ತಿದೆಯಲ್ಲಮ್ಮಾ," ಎಂದರು ತಾತ.

ಇಪ್ಪತ್ತು ವರ್ಷದ ಗಿರಾಕಿಯನ್ನು ಅವಳು ಭುಜ ಹಿಡಿದು ತಿರುಗಿಸಿ ರಸ್ತೆಗೆ ಬಿಟ್ಟಳು. ಅವರು ಎರಡು ಸಲ ಹಿಂದಿರುಗಿ ನೋಡಿ ಹೋದರು. ಸಂಜೆ ಸಮಾಧಾನ ಹೇಳಲು ಮೇಸ್ತ್ರಿ ಹೋದರೆ ಬಾಗಿಲು ತೆಗೆಯಲಿಲ್ಲವಂತೆ. ಅಕ್ಕನಿಗೆ ಅನ್ನ ಇಳಿಯಲಿಲ್ಲ. ಮೇಷ್ಟ್ರಿಗೆ ಮಾತ್ರ ಕಂಡದ್ದು ಎಣಿಸುವವನ ಮುಖ. ಬಾಡಿಹೋಯಿತು ನೋಡಿ, ಗೆದ್ವಿ ಅಂತಲೇ ಇಟ್ಕೊಳ್ಳಿ ಎಂದು ಕೈ ಕೈ ಉಜ್ಜಿದರು.

ಏಳನೆಯ ದಿನ ಸಂಜೆ ಅವನು ರಸ್ತೆ ದಾಟಿ ಬಂದ. ಅಡುಗೆಮನೆಯಲ್ಲಿ ನಲವತ್ತು ಜನ ಲೋಟ ಹಿಡಿದು ಉಸಿರು ಬಿಗಿಹಿಡಿದರು.

"ಏಳು ದಿನಕ್ಕೆ ಹದಿನೇಳು ಜನ," ಎಂದ ಅವನು.

"ಅದೂ ಜಾಸ್ತೀನೇ."

ಅವನು ಫೈಲಿನಿಂದ ಒಂದು ಹಾಳೆಯ ಕೆಳತುದಿಯನ್ನಷ್ಟೇ ಹೊರಗೆಳೆದು, ಎಣಿಕೆ ಸರಿಯಿದ್ದರೆ ಸಹಿ ಹಾಕಿ ಎಂದ. ಒಳಗೆ ಯಾರೋ ಕೆಮ್ಮಿದರು. ಅವನು ಆ ಬಾಗಿಲ ಕಡೆ ನೋಡಿದ. ನೋಡಿ, ತುಸು ಹೊತ್ತು ಕಾದ.

"ಬೇರೇನಾದ್ರೂ ಹೇಳೋದಿದ್ಯಾ ಅಕ್ಕಾ? ನಾಳೆ ನಾನು ಬರಲ್ಲ."

"ಏನೂ ಇಲ್ಲ," ಎಂದು ಅಕ್ಕ ಸಹಿ ಹಾಕಿದಳು.

ಅವನು ಬಸ್ಸು ಹತ್ತಿದ್ದೇ ತಡ, ಬೀದಿಗೆ ಬೀದಿಯೇ ಮುಂಬಾಗಿಲಿನಿಂದ ನುಗ್ಗಿತು. ಕುರ್ಚಿಗಳು ಇಳಿದವು. ಗಾಜಿನವರ ಲೆಕ್ಕಾಚಾರವನ್ನು ಬರಿಗೈಯಲ್ಲಿ ಸೋಲಿಸಿದೆವೆಂದು ಮೇಷ್ಟ್ರು ಸ್ಟೂಲು ಹತ್ತಿ ಭಾಷಣ ಬಿಗಿದರು. ಹತ್ತು ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನ್ನೊಂದನೆಯ ದಿನ ಅಕ್ಕನ ಹೆಸರಿಗೆ ಲಕೋಟೆಯೊಂದು ಬಂತು. ಎಲ್ಲರಿಗೂ ಕೇಳಿಸಲೆಂದು ಮೇಷ್ಟ್ರು ಗಟ್ಟಿಯಾಗಿ ಓದತೊಡಗಿದರು.

"ತಮ್ಮ ಅಂಗಡಿಯನ್ನು ತೆರವಿನಿಂದ ಉಳಿಸಿಕೊಡಬೇಕೆಂದು ತಾವು ಕಳೆದ ವರ್ಷ ಸಲ್ಲಿಸಿದ ಅರ್ಜಿಯ ಮೇರೆಗೆ, ನಗರಸಭೆಯ ಸಿಬ್ಬಂದಿ ಮುನ್ಸೂಚನೆ ನೀಡದೆ ಏಳು ದಿನ ಖುದ್ದು ಎಣಿಸಲಾಗಿ, ಅಲ್ಲಿಗೆ ಜನರು ಬರುವುದಿಲ್ಲವೆಂದು ತಾವೇ ಒಪ್ಪಿ ಸಹಿ ಮಾಡಿರುವುದರಿಂದ, ಸದರಿ ಅರ್ಜಿಯನ್ನು ವಜಾಗೊಳಿಸಲಾಗಿದೆ."