ತಾರಸಿಯ ಅಲಾರಂ

“ಅಷ್ಟೇ ಅಜ್ಜಿ, ಇನ್ಮೇಲೆ ನಾನು ಬರೋ ಕೆಲಸ ಇಲ್ಲ” ಎಂದು ಮಹೇಂದ್ರ ತಾರಸಿಯ ಹೊಸ ಪೆಟ್ಟಿಗೆಗೆ ಬೀಗ ಹಾಕಿದಾಗ ಮುನಿನಾರಾಯಣಮ್ಮನ ಎದೆ ಧಸಕ್ಕೆಂದಿತು. ಬ್ಯಾಟರಾಯನಪುರದ ಅವರ ಮನೆಯ ಮೇಲೆ ಮೊಬೈಲ್ ಟವರ್ ನಿಂತಾಗಿನಿಂದ ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಇವನು. ತಮ್ಮ ಪೈಕಿಯವನೇ, ಒಳ್ಳೆಯ ನಡತೆ. ಮೊಮ್ಮಗಳು ಶಿಲ್ಪ ಕಾಫಿ ತಂದುಕೊಟ್ಟರೆ ಅದು ಆರಿ ತಣ್ಣಗಾದರೂ ಇಬ್ಬರ ಮಾತು ಮುಗಿಯುತ್ತಿರಲಿಲ್ಲ. ಅಜ್ಜಿ ಮನಸ್ಸಿನಲ್ಲೇ ಇಬ್ಬರಿಗೂ ಛತ್ರ ಗೊತ್ತುಮಾಡಿಬಿಟ್ಟಿದ್ದರು. ಈಗ ನೋಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವಂತಿಲ್ಲ!

“ಯಾಕಪ್ಪಾ, ಬರಾಕೇನು ಕಷ್ಟ?”

“ಮುಂಚೆ ಟೂಜಿಗೊಂದು ಡಬ್ಬ, ತ್ರೀಜಿಗೊಂದು ಡಬ್ಬ ಇತ್ತು. ಏನ್ ಬದಲಾಯಿಸ್ಬೇಕಾದ್ರೂ ನಾನೇ ಬರ್ಬೇಕಿತ್ತು. ಇದು ಎಲ್ಲಕ್ಕೂ ಒಂದೇ ರೇಡಿಯೊ ಅಜ್ಜಿ. ಸಾಫ್ಟ್‌ವೇರ್ ಬದಲಾಯಿಸಿದ್ರೆ ಫೋರ್‌ಜಿನೂ ಆಗುತ್ತೆ. ಈ ಫೈಬರ್ ಕೇಬಲ್ ನಮ್ಮ ಆಫೀಸಿಗೆ ಸೇರುತ್ತೆ, ಹೆಬ್ಬಾಳದಲ್ಲೇ ಕೂತು ಎಲ್ಲಾ ಮಾಡ್ತೀನಿ.”

“ಅಂಗಾರೆ ಕೆಟ್ಟೋದ್ರೆ?”

“ಅಲ್ಲಿಂದಾನೇ ರೀಸ್ಟಾರ್ಟ್. ಪೆಟ್ಟಿಗೆ ಬಾಗಿಲು ತೆಗೆದ್ರೆ ಮಾತ್ರ ಅಲಾರಂ ಬರುತ್ತೆ, ಆಗ ಬಂದು ನೋಡ್ಲೇಬೇಕು. ತಗೊಳ್ಳಿ, ಒಂದು ಕೀ ನಿಮ್ಮ ಹತ್ರ ಇರ್ಲಿ.”

ಅಜ್ಜಿಗೆ ಅಷ್ಟು ಸಾಕಾಯಿತು. ಮುಂದಿನ ವಾರವೇ ಪೆಟ್ಟಿಗೆಯ ಬಾಗಿಲು ತೆರೆದುಕೊಂಡಿತು. ಮಹೇಂದ್ರ ಬೈಕಿನಲ್ಲಿ ಓಡೋಡಿ ಬಂದ. “ಗಾಳಿಗೇನೋ ಕಣಪ್ಪಾ” ಎಂದರು ಅಜ್ಜಿ. ಅದರ ಮುಂದಿನ ವಾರ ಬೆಕ್ಕಿನ ಮೇಲೆ ಹಾಕಿದರು. ಬೀಗ ತೆಗೆಯುವ ಬೆಕ್ಕನ್ನು ಎಲ್ಲಾದರೂ ಕಂಡಿದ್ದೀರಾ? ಮಹೇಂದ್ರ ಮಾತ್ರ ಏನೂ ಕೇಳದೆ ಬಾಗಿಲು ಹಾಕಿ, ಕಾಫಿ ಕುಡಿದು, ಶಿಲ್ಪಳ ಜೊತೆ ನಕ್ಕು ಹೋದ.

ಅಜ್ಜಿ ಕೀ ಹಿಡಿದು ತಾರಸಿ ಹತ್ತುವುದನ್ನು ಕಂಡಾಗ ಶಿಲ್ಪಳಿಗೆ ಗುಟ್ಟು ಗೊತ್ತಾಯಿತು. ಕೋಪದಲ್ಲಿ ಅವಳ ಮುಖ ಕೆಂಪಾಯಿತು.

“ಥೂ, ಏನಜ್ಜಿ ಇದು! ಅವ್ರ ಕೆಲಸಕ್ಕೇ ಕುತ್ತು ಬರುತ್ತೆ. ಕೊಡಿಲ್ಲಿ ಕೀ.”

“ಅವನು ಬ್ಯಾಡ ಅಂತ ಒಂದ್ ಮಾತು ಹೇಳು, ಕೊಟ್ಬಿಡ್ತೀನಿ.”

ಶಿಲ್ಪ ಆ ಮಾತು ಹೇಳಲಿಲ್ಲ. ಕೀಯನ್ನು ಮಾತ್ರ ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು. “ಇಷ್ಟ ಇದ್ರೆ ತಾವಾಗೇ ಬರ್ಲಿ” ಎಂದಳು.

ವಾರ ಕಳೆಯಿತು, ಹದಿನೈದು ದಿನವೂ ಕಳೆಯಿತು. ಮನೆಯಲ್ಲಿ ನೆಟ್‌ವರ್ಕ್ ಭರ್ಜರಿ, ಹುಡುಗನ ಸುಳಿವೇ ಇಲ್ಲ. ಅಜ್ಜಿ ಆ ಪೆಟ್ಟಿಗೆ ಮಾಡಿದವನ ವಂಶವನ್ನೆಲ್ಲ ಬೈದರು. ಶಿಲ್ಪ ಬೈಯಲಿಲ್ಲ, ಊಟ ಕಡಿಮೆ ಮಾಡಿದಳು.

ಭಾನುವಾರ ಬೆಳಿಗ್ಗೆ ಗೇಟು ಕಿರ್ರೆಂದಿತು. ಇಸ್ತ್ರಿ ಶರಟು ತೊಟ್ಟು ಮಹೇಂದ್ರ ನಿಂತಿದ್ದ.

“ಅದೇ ಅಜ್ಜಿ... ಪೆಟ್ಟಿಗೆ ಬಾಗಿಲು ತೆಗ್ದಿದೆ ಅಂತ ಅಲಾರಂ ಬಂತು.”

ಅಜ್ಜಿ ಶಿಲ್ಪಳ ಕಡೆ ನೋಡಿದರು. ಅವಳು ಬ್ಯಾಗಿನಿಂದ ಕೀ ತೆಗೆದು ತೋರಿಸಿ, ಬಾಯಿಗೆ ವೇಲು ಒತ್ತಿಕೊಂಡು ಒಳಗೆ ಓಡಿದಳು.

ಗೇಟಿನಾಚೆ ಆಟೊದಿಂದ ಹೂವು, ಹಣ್ಣಿನ ಬುಟ್ಟಿ ಹಿಡಿದ ಹೆಂಗಸೊಬ್ಬರು ಮೆಲ್ಲಗೆ ಇಳಿಯುತ್ತಿದ್ದರು.

“ಅಲಾರಂ ನೋಡಾಕೆ ನಿಮ್ಮಮ್ಮನ್ನೂ ಕರ್ಕೊಂಡ್ ಬಂದ್ಯೇನಪ್ಪಾ?” ಎಂದರು ಅಜ್ಜಿ.