ಕೊನೆಯ ಸೀಟು

ಆ ದೇಶದಲ್ಲಿ ಜನವರಿಗೆ ಶುರುವಾಗುವ ಒಂದನೇ ಕ್ಲಾಸಿನ ಸೀಟು ಮೊದಲು ಅಲ್ಲಿನ ಪ್ರಜೆಗಳ ಮಕ್ಕಳಿಗೆ, ಮಿಕ್ಕರೆ ಕಾಯಂ ನಿವಾಸಿಗಳ ಮಕ್ಕಳಿಗೆ. ಚೈತ್ರಾ ಮತ್ತು ಸ್ಮಿತಾ ಒಂದೇ ಮಹಡಿಯಲ್ಲಿ ಎದುರುಬದುರು ಮನೆಯವರು, ಇಬ್ಬರೂ ಮೈಸೂರಿನ ಕಡೆಯವರು. ಚೈತ್ರಾಳ ಮನೆಯವರು ಹಿಂದಿನ ವರ್ಷ ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರು. ಸ್ಮಿತಾಳ ಗಂಡ ಅದಕ್ಕೆ ಒಪ್ಪಿರಲಿಲ್ಲ, ಅವರು ಕಾಯಂ ನಿವಾಸಿಗಳಾಗಿಯೇ ಉಳಿದಿದ್ದರು. ಹೀಗಾಗಿ ಹತ್ತಿರದ ಶಾಲೆಯ ಕೊನೆಯ ಸೀಟು ಚೈತ್ರಾಳ ಮಗಳು ಇಂಪನಾಳಿಗೆ ಹೋಯಿತು. ಸ್ಮಿತಾಳ ಮಗಳು ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳಾಗಿ ಉಳಿದಳು.

“ಬೇಜಾರಾಯ್ತೇನೆ?” ಎಂದು ಚೈತ್ರಾ ಕೇಳಿದಳು.

“ಅಯ್ಯೋ, ಇಂಪನಾ ಏನು ಬೇರೆಯವಳಾ? ಯಾರು ಓದಿದ್ರೂ ನಮ್ಮ ಮಗೂನೇ,” ಎಂದು ಸ್ಮಿತಾ ನಕ್ಕಳು.

ಅಕ್ಟೋಬರಿನಲ್ಲಿ ಇಂಪನಾಳಿಗೆ ಡೆಂಗಿ ಜ್ವರ ಬಂತು. ಸ್ಮಿತಾಳೇ ದಿನಾ ಆಸ್ಪತ್ರೆಗೆ ಗಂಜಿ ಒಯ್ದಳು, ಮಗುವಿನ ಕಾಲೊತ್ತಿದಳು, ಚೈತ್ರಾಳನ್ನು ಬಲವಂತವಾಗಿ ಮಲಗಿಸಿ ತಾನು ಹಾಸಿಗೆಯ ಬಳಿ ಕೂತಳು. ಆರನೆಯ ದಿನ ಮಗು ತೀರಿಕೊಂಡಿತು.

ಚೈತ್ರಾ ಮೂರು ದಿನ ಏನೂ ತಿನ್ನಲಿಲ್ಲ. ನಾಲ್ಕನೆಯ ದಿನ ಸ್ಮಿತಾ ಮೊಸರನ್ನ ಕಲಸಿ ತಂದು, ಮಕ್ಕಳಿಗೆ ತಿನ್ನಿಸುವ ಹಾಗೆ ಸಣ್ಣ ತುತ್ತು ಮಾಡಿ ಬಾಯಿಗಿಟ್ಟಳು. ಚೈತ್ರಾ ಅದನ್ನು ನುಂಗಿ, ಅವಳ ಮಡಿಲಿಗೆ ಬಿದ್ದು ಗೋಳಾಡಿದಳು.

“ನೀನೊಬ್ಬಳು ಇಲ್ದಿದ್ರೆ ನಾನೂ ಸತ್ತೇ ಹೋಗ್ತಿದ್ದೆ ಕಣೇ.”

ಸ್ಮಿತಾ ಅವಳ ತಲೆ ಸವರಿದಳು, ಸೆರಗಿನಿಂದ ಕಣ್ಣೊರೆಸಿದಳು, ಇನ್ನೊಂದು ತುತ್ತು ಬಾಯಿಗಿಟ್ಟಳು.

“ಸ್ಕೂಲಿಗೆ ತಿಳಿಸಿದ್ಯೇನೆ?” ಎಂದಳು. “ಸೀಟು ಬಿಟ್ಕೊಡೋಕೆ ನಾಳೆನೇ ಕಡೇ ದಿನ.”