ಪುಸ್ತಕಕ್ಕೆ ಸೇರಿದ ನೋವು

"ಏನೂ ಇಲ್ಲ ಅಂದ್ಬಿಡಿ ಡಾಕ್ಟ್ರೇ, ನಿಮ್ಮ ಟೈಮೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ," ಎಂದಳು ಅತ್ತೆ, ಕುರ್ಚಿಯಲ್ಲಿ ಕೂರುವ ಮೊದಲೇ.

ಸೊಸೆ ಎಕ್ಸ್‌ರೇ ಕವರನ್ನು ಮೇಜಿನ ಮೇಲಿಟ್ಟಳು. ಇವರು ನಾಲ್ಕನೆಯ ಡಾಕ್ಟರು. ಇವರೂ ಏನೂ ಇಲ್ಲ ಅಂದರೆ ಮನೆಯಲ್ಲಿ ಇನ್ನು ನೋವಿನ ಸುದ್ದಿ ಎತ್ತಕೂಡದು, ಬಾಯಿ ಮುಚ್ಚಿಕೊಂಡು ಹೊಲಿಗೆ ಕೆಲಸಕ್ಕೆ ವಾಪಸ್ ಹೋಗಬೇಕು ಎಂದು ಗಂಡ ಕಡ್ಡಿ ಮುರಿದಂತೆ ಹೇಳಿದ್ದ. ಸಾಕ್ಷಿಗೆಂದು ತಾಯಿಯನ್ನು ಜೊತೆಗೆ ಕಳಿಸಿದ್ದ. ಸಾಕ್ಷಿ ಬಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಳು.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಬೆನ್ನು ಒತ್ತಿದರು, ಸೊಂಟ ಒತ್ತಿದರು. ಒತ್ತಿದಲ್ಲೆಲ್ಲ ಸೊಸೆ ಉಸಿರು ಬಿಗಿಹಿಡಿದಳು.

"ಮೂಳೆ ಚೆನ್ನಾಗಿದೆ. ರಕ್ತದಲ್ಲೂ ಏನಿಲ್ಲ."

"ನೋಡಿದ್ಯಾ? ಬರೀ ನಾಟಕ!" ಅತ್ತೆ ಗೆದ್ದವಳಂತೆ ಬೀಗಿದಳು. "ನಂಗೇನು ಸೊಂಟ ಇರ್ಲಿಲ್ವಾ? ಎದ್ದರೂ ನೋವು, ಕೂತರೂ ನೋವು. ಯಾರ ಹತ್ರ ಹೇಳ್ಕೊಂಡೆ? ಹಲ್ಲು ಕಚ್ಕೊಂಡು ದುಡೀಲಿಲ್ವಾ?"

"ಸ್ವಲ್ಪ ಪೂರ್ತಿ ಕೇಳಿ ಅಮ್ಮಾ," ಎಂದರು ಡಾಕ್ಟರು. "ಲೋಕದ ಕಾಯಿಲೆಗಳಿಗೆಲ್ಲ ಹೆಸರು, ನಂಬರು ಕೊಟ್ಟು ಒಂದು ಪುಸ್ತಕ ಮಾಡಿರ್ತಾರೆ, ಎಲ್ಲಾ ದೇಶಕ್ಕೂ ಅದೇ. ಅದನ್ನ ಈಗ ತಿದ್ದಿದ್ದಾರೆ. ಮೊದಲು ನೋವು ಅಂದ್ರೆ ಇನ್ಯಾವುದೋ ಕಾಯಿಲೆಯ ಗುರುತು ಅಷ್ಟೇ. ಈಗ, ಹೀಗೆ ತಿಂಗಳುಗಟ್ಟಲೆ ಬಿಡದೇ ಕಾಡೋ ನೋವೇ ಒಂದು ಕಾಯಿಲೆ ಅಂತ ಒಪ್ಕೊಂಡಿದ್ದಾರೆ. ನಿಮ್ಮ ಸೊಸೆಗಿರೋದು ಅದೇ."

"ಅಯ್ಯೋ, ಪುಸ್ತಕ ತಿದ್ದಿದ್ರೆ ಕಾಯಿಲೆ ಹುಟ್ಕೊಳ್ಳುತ್ತಾ?"

"ಕಾಯಿಲೆ ಮೊದಲೇ ಇತ್ತಮ್ಮಾ. ಪುಸ್ತಕಕ್ಕೆ ಈಗ ಗೊತ್ತಾಯ್ತು."

ಸೊಸೆಯ ಕಣ್ಣಿಂದ ಗಳಗಳ ನೀರು ಸುರಿಯಿತು. ಕಾಯಿಲೆ ಇದೆ ಎಂದು ಕೇಳಿ ಇಷ್ಟು ಸಂತೋಷಪಟ್ಟವರನ್ನು ಡಾಕ್ಟರು ಅದುವರೆಗೆ ಕಂಡಿರಲಿಲ್ಲ. ಒಂದೇ ಸಲಕ್ಕೆ ವಾಸಿ ಮಾಡುವ ಮಾತ್ರೆ ಇಲ್ಲ, ವ್ಯಾಯಾಮ ಬೇಕು, ಕೆಲಸದ ನಡುವೆ ಬಿಡುವು ಬೇಕು, ಎಲ್ಲಕ್ಕಿಂತ ಮೊದಲು ಮನೆಯವರು ನಂಬಬೇಕು ಎಂದರು. ಸೊಸೆ ಎಲ್ಲದಕ್ಕೂ ತಲೆಯಾಡಿಸಿದಳು. ಅತ್ತೆ ಮಾತ್ರ ಗೋಡೆ ನೋಡುತ್ತ ಕೂತಿದ್ದಳು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅತ್ತೆ ಕಂಬಿ ಹಿಡಿದು ನಿಂತುಬಿಟ್ಟಳು.

"ಏನಾಯ್ತು ಅತ್ತೆ? ತಲೆ ಸುತ್ತುತ್ತಾ?"

"ನಮ್ಮತ್ತೆ ನನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ ಕಣೇ. ಮೈಗಳ್ಳಿ ಅಂತಲೇ ಕರೀತಿದ್ರು. ಸಾಯೋವರೆಗೂ."

ಸೊಸೆ ಕೈ ಹಿಡಿಯಲು ಹೋದಳು. ಅತ್ತೆ ಕೈ ಕೊಡವಿಕೊಂಡು, ಒಂದು ಕೈಯಲ್ಲಿ ಸೊಂಟ ಒತ್ತಿ ಹಿಡಿದು, ಇಳಿದ ಮೆಟ್ಟಿಲುಗಳನ್ನೇ ಮತ್ತೆ ಹತ್ತಿದಳು. ಒಳಗೆ ಬೇರೆ ರೋಗಿ ಕೂತಿದ್ದರು. ಅದನ್ನು ಲೆಕ್ಕಿಸದೆ ಬಾಗಿಲು ತಳ್ಳಿ, ತಲೆ ಮಾತ್ರ ಒಳಗೆ ಹಾಕಿ ಕೇಳಿದಳು:

"ಡಾಕ್ಟ್ರೇ, ಆ ನಂಬರು ಈಗಿನವರಿಗೆ ಮಾತ್ರನಾ? ನಮ್ಮ ಕಾಲದ ನೋವಿಗೂ ಸಿಗುತ್ತಾ?"